ಗೋಲಿ ಸೋಡಾದ ಗ್ಯಾಸ್ ಲೆಕ್ಕ

ಮಾಂಬಳ್ಳಿಯಲ್ಲಿ ಗೋಲಿ ಸೋಡಾ ಅಂಗಡಿ ಇಡೋಣ ಅಂದ್ರೆ ಮೊದಲ ಪ್ರಶ್ನೆ: ಎಷ್ಟು ಕೆಜಿ ಗ್ಯಾಸ್ ಸಿಲಿಂಡರ್? ಮನೇಲಿ ಬಿಯರ್ ಮಾಡೋ ವಿದೇಶದವರದ್ದೂ ಇದೇ ಪ್ರಶ್ನೆ. ಸೋಡಾ ಹುಟ್ಟಿದ್ದೇ ಬಿಯರ್ ತೊಟ್ಟಿ ಮೇಲೆ ತಾನೇ!

1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ, ಮನೆ ಪಕ್ಕದ ಬಿಯರ್ ಕಾರ್ಖಾನೆಯಲ್ಲಿ ಹುಳಿಯುತ್ತಿದ್ದ ತೊಟ್ಟಿಯ ಮೇಲೆ ನಿಂತಿದ್ದ ಗ್ಯಾಸನ್ನು ನೀರಿಗೆ ಬೆರೆಸಿದರು. ಆಮೇಲೆ ಸೋಡಾ ಮಾಡುವವರು ಸೀಮೆಸುಣ್ಣಕ್ಕೆ ಆಸಿಡ್ ಹಾಕಿ ಗ್ಯಾಸ್ ಎಬ್ಬಿಸುತ್ತಿದ್ದರು. ಗೋಲಿ ಬಾಟಲಿ ಹೈರಮ್ ಕಾಡ್ ಅವರದ್ದು, 1872ರ ಪೇಟೆಂಟ್. ಒಳಗಿನ ಗ್ಯಾಸೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತೆ. ಗ್ಯಾಸ್ ಕಮ್ಮಿಯಾದ್ರೆ ಬಾಟಲಿ ಮುಚ್ಚೋದೇ ಇಲ್ಲ.

ನಾನು ಬಿಕಾಂ, ಲೆಕ್ಕ ಬಿಡಲ್ಲ. ಲೀಟರಿಗೆ ಸುಮಾರು 8 ಗ್ರಾಂ ಅಂದ್ರೆ 200 ಎಂಎಲ್ ಬಾಟಲಿಗೆ 1.6 ಗ್ರಾಂ. ಅರ್ಧ ಸೋರಿಹೋದ್ರೂ 5 ಕೆಜಿಗೆ 1,500 ಬಾಟಲಿ. ದಿನಕ್ಕೆ 50 ಮಾರಿದ್ರೆ ಒಂದು ತಿಂಗಳು. 30 ಕೆಜಿ ಆರು ತಿಂಗಳು ಬರುತ್ತೆ, ಆದ್ರೆ ಅಷ್ಟು ದಿನ ದುಡ್ಡು ಕಬ್ಬಿಣದಲ್ಲಿ ಕೂತಿರುತ್ತೆ. ನನ್ನ ಮತ ಚಿಕ್ಕ ಸಿಲಿಂಡರ್ ಎರಡಕ್ಕೆ. ಜಾತ್ರೆ ದಿನ ಒಂದು ಖಾಲಿಯಾದ್ರೂ ವ್ಯಾಪಾರ ನಿಲ್ಲಲ್ಲ.

ಮೀಟರ್ ಮುಳ್ಳು ನಂಬಬೇಡಿ. ಒಳಗೆ ದ್ರವ ಇರೋವರೆಗೂ ಅದು ಹೆಚ್ಚು ಇಳಿಯೋದೇ ಇಲ್ಲ. ತಕ್ಕಡಿ ಮೇಲಿಡಿ, ಸಿಲಿಂಡರ್ ಮೇಲೆ ಕೊರೆದಿರೋ ಖಾಲಿ ತೂಕ ಕಳೆಯಿರಿ.