ಸಾಸಿಮದ ನೋವು, ಮಿತ್ರರ ವಿಶ್ವಾಸ

ಅಥೆನ್ಸಿನಲ್ಲಿ ಜೊತೆಗೂಡಿ ವ್ಯಾಸಂಗಗೈದ ಸಂತ ಬಸಿಲರನ್ನೂ ನಜಿಯಾನ್ಸಸ್ಸಿನ ಸಂತ ಗ್ರೆಗೋರಿಯವರನ್ನೂ ನಾವು ಆದರ್ಶ ಮಿತ್ರರೆಂದು ಸ್ಮರಿಸುತ್ತೇವೆ. ಆ ಮೈತ್ರಿಗೆ ಬಿದ್ದ ಪೆಟ್ಟನ್ನು ಮರೆಯುತ್ತೇವೆ. 372ರ ಸುಮಾರಿಗೆ ಚಕ್ರವರ್ತಿ ವೇಲೆನ್ಸನು ಕಪ್ಪದೋಕ್ಯವನ್ನು ವಿಭಜಿಸಿದಾಗ, ಕೈಸರೇಯದ ಧರ್ಮಾಧ್ಯಕ್ಷರಾಗಿದ್ದ ಬಸಿಲರು ತಮ್ಮ ಪೀಠದ ಬಲವನ್ನು ಕಾಯ್ದುಕೊಳ್ಳಲು, ಸಾಸಿಮವೆಂಬ ಧೂಳುಮುಸುಕಿದ ಕವಲುದಾರಿಯ ಊರಿಗೆ ಗ್ರೆಗೋರಿಯವರನ್ನು ಅವರ ಮನಸ್ಸಿಗೆ ವಿರುದ್ಧವಾಗಿ ಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿದರು. ಗ್ರೆಗೋರಿ ಅಲ್ಲಿ ನೆಲೆಸಲಿಲ್ಲ. ಆ ನೋವೂ ಅವರನ್ನು ಬಿಡಲಿಲ್ಲ. ಬಸಿಲರ ಮರಣಾನಂತರ ನೀಡಿದ ಸಂಸ್ಮರಣ ಪ್ರಬೋಧನೆಯಲ್ಲಿ ಅವರು ಅದನ್ನು ಮರೆಮಾಚದೆ ನುಡಿದರು. ಗೆಳೆಯರ ವಿಶ್ವಾಸವನ್ನೂ ದೀನರೋಗಿಗಳ ಸೇವೆಯನ್ನೂ ಮನತುಂಬಿ ಕೊಂಡಾಡಿದರು. ಸತ್ಯವನ್ನಾಡಿಯೂ ಪ್ರೀತಿಯನ್ನುಳಿಸಿಕೊಳ್ಳುವ ಈ ಶೀಲವೇ ಕ್ರೈಸ್ತ ಮೈತ್ರಿಯ ಒರೆಗಲ್ಲು. ಜನವರಿ 2ರಂದು ಲತೀನ್ ಧರ್ಮಸಭೆ ಇಬ್ಬರನ್ನೂ ಒಟ್ಟಿಗೆ ಸ್ಮರಿಸುತ್ತದೆ. ಒಬ್ಬರಿಗೆ ಅಧಿಕಾರ, ಮತ್ತೊಬ್ಬರಿಗೆ ಬಯಸದ ನೇಮಕ ದೊರೆಯುವ ಯಾಜಕ ಜೀವನದಲ್ಲಿ, ಅಂದು ನಾವು ನೊಂದ ಗೆಳೆಯರನ್ನೂ ನೆನೆಯೋಣ.