ಶಾಲೆ ಬಿಟ್ಟವರಿಗೆ ಮಾತಿನ ಪಾಠ

ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕುಳಿತ ಹುಡುಗನೊಬ್ಬ ಇಂದು ಯಾವುದಾದರೂ ಕೌಶಲ ತರಬೇತಿ ಕೇಂದ್ರಕ್ಕೆ ಸೇರಿದರೆ, ವೈರಿಂಗಿಗೋ ಹೊಲಿಗೆಗೋ ಕೈಹಾಕುವ ಮೊದಲೇ ಎದ್ದುನಿಂತು ತನ್ನ ಪರಿಚಯ ಹೇಳಬೇಕಾಗುತ್ತದೆ. ‘ಮೈ ನೇಮ್ ಈಸ್’ ಎಂದು ಶುರುವಾಗಿ, ಊರು, ಅಪ್ಪನ ಕೆಲಸ, ‘ಮೈ ಹಾಬಿ ಈಸ್ ಲಿಸನಿಂಗ್ ಮ್ಯೂಸಿಕ್’ ಎಂಬಲ್ಲಿಗೆ ಮುಗಿಯುವ ಐದಾರು ವಾಕ್ಯ. ಬಾಯಿಪಾಠ ಮಾಡಿ ಒಪ್ಪಿಸಿದರೆ ಚಪ್ಪಾಳೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಸಂವಹನ ಕೌಶಲ ಕಲಿಸುವುದೆಂದರೆ ಇದೇ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಇದು ತೀರ ಈಚಿನದು. ನಮ್ಮಲ್ಲೇ ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿಯಾದ ದಾರಿಗಳಿದ್ದವು.

1940ರ ದಶಕದಲ್ಲಿ ಹಳೆ ಮೈಸೂರಿನಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ಸಾಕ್ಷರತೆಯ ರಾತ್ರಿಶಾಲೆಗಳಿಗಷ್ಟೇ ನಿಲ್ಲಲಿಲ್ಲ. ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳ ಮಾದರಿಯಲ್ಲಿ ವಿದ್ಯಾಪೀಠಗಳನ್ನು ತೆರೆಯಿತು. ಹಳ್ಳಿಯ ತರುಣರು ಅಲ್ಲೇ ಉಳಿದು ಬೇಸಾಯ, ಕೈಕಸುಬುಗಳ ಜೊತೆಗೆ ಊರಿನ ಮುಂದಾಳುತನವನ್ನೂ ಕಲಿಯಬೇಕೆಂಬುದು ಆಶಯ. ಸಂವಹನ ಎಂಬ ಹೆಸರಿನ ಪಾಠ ಅಲ್ಲಿರಲಿಲ್ಲ. ನಾಲ್ಕು ಜನರ ನಡುವೆ ಮಾತಾಡುವುದು ಸಹಬಾಳ್ವೆಯಲ್ಲೇ ಬರಬೇಕಿತ್ತು.

ಸ್ವಾತಂತ್ರ್ಯಾನಂತರದ ಯೋಜನೆಗಳು ಈ ಜಾಡನ್ನು ಮರೆತವು. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಗೆ ಕೈಯ ಕೆಲಸವೇ ಮುಖ್ಯವಾಯಿತು. 1967ರಲ್ಲಿ ಮುಂಬಯಿಯಲ್ಲಿ ಶುರುವಾದ ಮೊದಲ ಶ್ರಮಿಕ ವಿದ್ಯಾಪೀಠ ಮಾತ್ರ ಕಾರ್ಮಿಕನಿಗೆ ಕಸುಬಿನೊಂದಿಗೆ ನಗರದ ಬದುಕನ್ನೂ ಕಲಿಸಹೊರಟಿತು. 2000ದಲ್ಲಿ ಜನಶಿಕ್ಷಣ ಸಂಸ್ಥಾನ ಎಂದು ಹೆಸರು ಬದಲಿಸಿಕೊಂಡು, 2018ರಲ್ಲಿ ಕೌಶಲ ಅಭಿವೃದ್ಧಿ ಸಚಿವಾಲಯದ ಸುಪರ್ದಿಗೆ ಬಂದದ್ದು ಇದೇ ವ್ಯವಸ್ಥೆ. ಶಾಲೆ ಮೆಟ್ಟಿಲು ಹತ್ತದವರಿಗೂ ಅರ್ಧಕ್ಕೆ ಬಿಟ್ಟವರಿಗೂ ಅಲ್ಲಿ ಬಾಗಿಲು ತೆರೆದಿದೆ. ಇನ್ನು 1979ರ ‘ಟ್ರೈಸೆಮ್’ ಯೋಜನೆ ಗ್ರಾಮೀಣ ಯುವಕರಿಗೆ ತರಬೇತಿ ಕೊಟ್ಟಿತು, ಭತ್ಯೆ ಕೊಟ್ಟಿತು. ತರಬೇತಿ ಪಡೆದ ಎಷ್ಟೋ ಮಂದಿ ಆ ಕಸುಬನ್ನು ಮುಂದುವರಿಸಲೇ ಇಲ್ಲ. ಕಾರಣಗಳು ಹಲವು. ಬ್ಯಾಂಕ್ ಮ್ಯಾನೇಜರರ ಎದುರು ಕುಳಿತು ಸಾಲ ಕೇಳುವ ಧೈರ್ಯವನ್ನು ಯಾರೂ ಕಲಿಸಿರಲಿಲ್ಲ ಎಂಬುದೂ ಅವುಗಳಲ್ಲೊಂದು ಎಂದು ನನ್ನ ಎಣಿಕೆ.

ಆ ಧೈರ್ಯವನ್ನೇ ಪಠ್ಯ ಮಾಡಿಕೊಂಡದ್ದು ಉಜಿರೆ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಅಲ್ಲಿ ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಊಟ, ವಸತಿ ಉಚಿತವಾದ ಕಿರು ಅವಧಿಯ ಶಿಬಿರಗಳು. ಮುಗಿದ ಮೇಲೂ ಬೆನ್ನುಹತ್ತಿ ವಿಚಾರಿಸುವ ಪದ್ಧತಿ. ಹಾರ್ವರ್ಡ್‌ನ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ 1964ರಲ್ಲಿ ಕಾಕಿನಾಡದ ವ್ಯಾಪಾರಿಗಳ ಮೇಲೆ ನಡೆಸಿದ ‘ಸಾಧನೆಯ ಹಂಬಲ’ದ ಪ್ರಯೋಗದಿಂದ ಬೆಳೆದುಬಂದ ಆಟಗಳು ಇಂಥ ಉದ್ಯಮಶೀಲತಾ ಶಿಬಿರಗಳಲ್ಲಿ ಇಂದಿಗೂ ನಡೆಯುತ್ತವೆ.

ಗೋಪುರದ ಆಟವನ್ನೇ ನೋಡಿ. ಶಿಬಿರಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಎಡಗೈಯೊಂದರಿಂದಲೇ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎಷ್ಟು ಪೇರಿಸುತ್ತೇನೆಂದು ಮೊದಲೇ ಎಲ್ಲರೆದುರು ಹೇಳಿರಬೇಕು. ಅಕ್ಕಪಕ್ಕದಲ್ಲಿ ಮನೆಯವರ ಪಾತ್ರದಲ್ಲಿ ಇಬ್ಬರು. ‘ಸ್ವಲ್ಪ ಬಲಕ್ಕೆ’, ‘ಅಷ್ಟೆಲ್ಲ ಬೇಡ’, ‘ಬೀಳತ್ತೆ, ಸಾಕು ಬಿಡೋ’. ಗೋಪುರ ಬೀಳುತ್ತದೆ, ಎಲ್ಲರೂ ನಗುತ್ತಾರೆ. ಪಾಠ ಇರುವುದು ಆಮೇಲಿನ ಮಾತುಕತೆಯಲ್ಲಿ: ಯಾರು ಹೇಳಿದ್ದು ಸರಿಯಾಗಿ ತಿಳಿಯಿತು, ಯಾರ ಮಾತಿಗೆ ಕೈ ನಡುಗಿತು, ಗೊತ್ತಾಗದಿದ್ದಾಗ ‘ಇನ್ನೊಂದು ಸಲ ಹೇಳಿ’ ಎಂದು ಯಾಕೆ ಕೇಳಲಿಲ್ಲ? ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಈ ಕೊನೆಯ ಪ್ರಶ್ನೆ ನೇರ ತಾಗುತ್ತದೆ. ತರಗತಿಯಲ್ಲಿ ಕೇಳಲು ಹೆದರಿಯೇ ಅಲ್ಲವೇ ಎಷ್ಟೋ ಮಕ್ಕಳು ಹಿಂದೆ ಬೀಳುವುದು? ಪೂರ್ತಿ ಕನ್ನಡದಲ್ಲೇ ನಡೆಯಬಲ್ಲ ಇಂಥ ಆಟಕ್ಕೆ ಸಮನಾದದ್ದು ಈಚಿನ ಪಠ್ಯಗಳಲ್ಲಿ ನನಗೆ ಕಂಡಿಲ್ಲ.

ಇನ್ನೊಂದು ಕವಲು ಹೆಣ್ಣುಮಕ್ಕಳದು. 1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾದ ‘ಮಹಿಳಾ ಸಮಾಖ್ಯ’ ಕಾರ್ಯಕ್ರಮ, ಸಂಘಗಳ ಮೂಲಕ ದಲಿತ ಮತ್ತು ಬಡ ಮಹಿಳೆಯರನ್ನು ಪಂಚಾಯಿತಿ, ರೇಷನ್ ಅಂಗಡಿ, ತಾಲ್ಲೂಕು ಕಚೇರಿಗಳ ಮುಂದೆ ನಿಂತು ಕೇಳುವಂತೆ ಮಾಡಿತು. ಶಾಲೆ ಬಿಟ್ಟ ಬಾಲೆಯರಿಗಾಗಿ ಅದು ನಡೆಸಿದ ವಸತಿ ಶಿಕ್ಷಣ ಕೇಂದ್ರಗಳಲ್ಲೂ ಅದೇ ಗಾಳಿ. ಅಲ್ಲಿ ಮಾತು ಕಲಿಯುವುದೆಂದರೆ ಹಕ್ಕು ಕೇಳುವುದು.

2000ದ ನಂತರ ಚಿತ್ರ ಬದಲಾಯಿತು. ಮಾಲ್, ಬಿಪಿಒ, ಮೊಬೈಲ್ ಅಂಗಡಿ, ಸೆಕ್ಯುರಿಟಿ ಕೆಲಸ. ಡಾ. ರೆಡ್ಡೀಸ್ ಪ್ರತಿಷ್ಠಾನ 1999ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ‘ಲ್ಯಾಬ್ಸ್’ ಮಾದರಿ, ಅಂದರೆ ಕೆಲವೇ ತಿಂಗಳ ತರಬೇತಿ ಮತ್ತು ಕೂಡಲೇ ಪ್ಲೇಸ್‌ಮೆಂಟ್, ದೇಶದ ತುಂಬ ಹರಡಿತು. 2007ರ ಮಾಡ್ಯುಲರ್, ಅಂದರೆ ಬಿಡಿಬಿಡಿ ಕೌಶಲಗಳ ಕಿರು ಕೋರ್ಸುಗಳು ಐದನೇ ತರಗತಿ ಓದಿದವರಿಗೂ ಪ್ರಮಾಣಪತ್ರದ ದಾರಿ ತೆರೆದವು. 2014ರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ ಇಂಗ್ಲಿಷ್, ಕಂಪ್ಯೂಟರ್, ಸಾಫ್ಟ್ ಸ್ಕಿಲ್ಸ್ ಮೂರನ್ನೂ ಕಡ್ಡಾಯ ಮಾಡಿತು. ಕೆಲಸ ಸಿಕ್ಕಿದ್ದು ಸುಳ್ಳಲ್ಲ. ಆದರೆ ಮಾತು ಈಗ ಗಿರಾಕಿಗೆ ನಮಸ್ಕಾರ ಹೇಳುವುದಕ್ಕೆ, ಇಂಟರ್‌ವ್ಯೂ ದಾಟುವುದಕ್ಕೆ ಸೀಮಿತವಾಯಿತು. ಐಟಿಐಗಳಲ್ಲಂತೂ ಸಂವಹನ ಸೇರಿದ ‘ಎಂಪ್ಲಾಯಬಿಲಿಟಿ ಸ್ಕಿಲ್ಸ್’ ವಿಷಯಕ್ಕೆ ಬಹು ಆಯ್ಕೆಯ ಪರೀಕ್ಷೆ. ಬಾಯಿ ತೆರೆಯದೆಯೇ ಮಾತಿನಲ್ಲಿ ಪಾಸಾಗಬಹುದು!

ಈ ವಿಷಯದ ಈಚಿನ ರಾಷ್ಟ್ರೀಯ ಪಠ್ಯ ಹೆಚ್ಚು ಅಚ್ಚುಕಟ್ಟಾಗಿದೆ. ಅರವತ್ತು ಗಂಟೆಯ ಆವೃತ್ತಿಯಲ್ಲಿ ಸಂವಿಧಾನದ ಮೌಲ್ಯಗಳಿವೆ, ಹಣಕಾಸು ಮತ್ತು ಕಾನೂನಿನ ಅರಿವಿದೆ, ಇದು ಮೆಚ್ಚಬೇಕಾದದ್ದು. ಆದರೆ ಬೇಸಿಕ್ ಇಂಗ್ಲಿಷಿಗೆ 10 ಗಂಟೆ, ಸಂವಹನಕ್ಕೆ 5. ಕಲಬುರಗಿಯ ತಾಂಡಾದಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ಕೆಲಸದಲ್ಲಿ ಹಿಂದಿ ಆಡುವ ಹುಡುಗಿಗೆ ಮೂರು ಭಾಷೆ ತೂಗಿಸುವ ಜಾಣ್ಮೆ ಆಗಲೇ ಇದೆ. ಅದನ್ನು ಲೆಕ್ಕಕ್ಕೇ ಹಿಡಿಯದೆ, ಬಾರದ ನಾಲ್ಕನೆಯದರಿಂದ ಶುರುಮಾಡಿದರೆ ಅವಳು ಮತ್ತೆ ಹಿಂದಿನ ಬೆಂಚಿಗೇ ಹೋಗುತ್ತಾಳೆ.

ಇಂಗ್ಲಿಷ್ ಇಲ್ಲದೆ ಕೆಲಸವೆಲ್ಲಿ ಎಂಬ ಮಾತಿಗೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೇ ಉತ್ತರವಿದೆ. 2007ರಲ್ಲಿ ಶುರುವಾದ ‘ಪೇಸ್’ ಎಂಬ ಕಾರ್ಯಕ್ರಮ ಹೊಲಿಗೆ ಲೈನಿನ ಮಹಿಳೆಯರಿಗೆ ಇಂಗ್ಲಿಷನ್ನಲ್ಲ, ಸಂವಹನ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದನ್ನು ಕಲಿಸಿತು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿದರು. ಕಲಿತವರ ಉತ್ಪಾದಕತೆ ಏರಿತ್ತು, ತರಬೇತಿ ಮುಗಿದ ಎಂಟು ತಿಂಗಳಲ್ಲಿ ಅದಕ್ಕೆ ಹಾಕಿದ ಹಣದ ಮೇಲೆ ಕಾರ್ಖಾನೆಗೆ ಶೇ 250ಕ್ಕೂ ಮಿಕ್ಕಿದ ನಿವ್ವಳ ಲಾಭ ಬಂದಿತ್ತು. ಆ ಹೆಂಗಸರ ಕೂಲಿ ಏರಿದ್ದು ಸುಮಾರು ಶೇ 0.5.

ಮಾತಿನ ಪಾಠಕ್ಕೆ ಬೆಲೆಯಿದೆ ಎಂಬುದು ಇದರಿಂದ ಖಚಿತ. ಅದು ಯಾರ ಜೇಬಿಗೆ ಎಂಬುದೂ. ಆದ್ದರಿಂದ ಪಠ್ಯ ಬರೆಯುವವರಲ್ಲಿ, ಕೇಂದ್ರ ನಡೆಸುವವರಲ್ಲಿ ಒಂದು ಕೋರಿಕೆ. ಮೊದಲ ವಾರ ಪೂರ್ತಿ ಮನೆಮಾತಿನಲ್ಲಿ ಮಾತಾಡಿಸಿ. ಪರೀಕ್ಷೆಯನ್ನು ಬಾಯಲ್ಲಿ ಮಾಡಿ. ಗಿರಾಕಿಗೆ ಹೇಗೆ ನಮಸ್ಕಾರ ಹೇಳಬೇಕೆಂದು ಕಲಿಸಿದಷ್ಟೇ ಹೊತ್ತು, ಓವರ್‌ಟೈಮ್ ಹಣ ಹೇಗೆ ಕೇಳಬೇಕು, ಪಿಎಫ್ ಕಟ್ಟಿದ್ದಾರೋ ಇಲ್ಲವೋ ಎಂದು ಸೂಪರ್‌ವೈಸರನ್ನು ಹೇಗೆ ವಿಚಾರಿಸಬೇಕು ಎಂಬುದನ್ನೂ ಕಲಿಸಿ.