ಹೊಣೆಯ ಎಲ್ಲೆ

ಪೆರೇಸಂದ್ರದ ಹೆದ್ದಾರಿಯಲ್ಲಿ ಹೈದರಾಬಾದಿನತ್ತ ಸಾಗುತ್ತಿದ್ದ ಲಾರಿಗಳ ಚಾಲಕರಿಗೆ ‘ಮೈಕೋ’ ಎಂಬುದು ದಶಕಗಳ ಕಾಲ ಚಿರಪರಿಚಿತ ಹೆಸರು. 1951ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿಯ ಹಿಂದಿದ್ದುದು ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆ. ಅದರ ಹೆಸರಿನ ಕೊನೆಗಿರುವ ‘ಜಿಎಂಬಿಎಚ್’ ಎಂದರೆ ಸೀಮಿತ ಹೊಣೆಯ ಕೂಟ.

ಈ ರೂಪ 1892ರ ಜರ್ಮನ್ ಕಾನೂನಿನ ಸೃಷ್ಟಿ. ಕಂಪನಿ ಮುಳುಗಿದರೆ ಪಾಲುದಾರನು ಹೂಡಿದ ಹಣ ಹೋದೀತು; ಅವನ ಮನೆ, ಹೊಲ ಉಳಿಯುತ್ತವೆ. ಸಾಲ ಕೊಟ್ಟವರ ಭದ್ರತೆಗೆ ಕನಿಷ್ಠ ಬಂಡವಾಳ ಕಡ್ಡಾಯ. ಇಂದು ಅದು 25,000 ಯೂರೋ. ಪಾಲುಗಳು ಷೇರುಪೇಟೆಗೆ ಬರುವುದಿಲ್ಲ. ಕೈ ಬದಲಾಗಬೇಕಾದರೆ ನೋಟರಿಯ ಸಮ್ಮುಖ ಬೇಕು.

1937ರಲ್ಲಿ ಬಾಷ್ ಅವರ ಸಂಸ್ಥೆ ಈ ರೂಪಕ್ಕೆ ಬದಲಾಯಿತು. ಅವರು 1942ರಲ್ಲಿ ತೀರಿಕೊಂಡರು. 1964ರಲ್ಲಿ ಬಹುಪಾಲು ಒಡೆತನ ಲೋಕಹಿತದ ಪ್ರತಿಷ್ಠಾನಕ್ಕೆ ಸೇರಿತು. ಕಾನೂನು ಎಲ್ಲೆ ಹಾಕಿದ್ದು ಸಾಲದ ಹೊಣೆಗೆ ಮಾತ್ರ. ಗಳಿಕೆ ಯಾರಿಗೆ ಸಲ್ಲಬೇಕೆಂಬ ಹೊಣೆ ಒಡೆಯನಲ್ಲಿಯೇ ಉಳಿಯಿತು.